ಹೊಸ ಕೆಲಸಕ್ಕೆ ಹೊರಟವರಿಗೆ: ದುಡಿಮೆಯ ಅಮಾನತ್ತು, ದುಡಿಮೆಯ ಹಕ್ಕು

ಪರೀಕ್ಷೆಯ ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ನಮ್ಮ ಪಾಮನಕಲ್ಲೂರಿನ ಬಸ್ ನಿಲ್ಲುವ ಜಾಗದಲ್ಲಿ ಪ್ರತಿ ವರ್ಷವೂ ಒಂದು ದೃಶ್ಯ ಕಾಣಸಿಗುತ್ತದೆ. ಮೊನ್ನೆಯ ತನಕ ತರಗತಿಯ ಬೆಂಚಿನಲ್ಲಿ ಕುಳಿತಿದ್ದ ಹುಡುಗರು ಹೆಗಲಿಗೆ ಚೀಲ ಹಾಕಿಕೊಂಡು ನಿಂತಿರುತ್ತಾರೆ. ಒಬ್ಬನಿಗೆ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸ, ಇನ್ನೊಬ್ಬನಿಗೆ ಮಸ್ಕಿಯ ಬಟ್ಟೆ ಅಂಗಡಿ, ಮತ್ತೊಬ್ಬನಿಗೆ ಬೆಂಗಳೂರಿನ ಕಟ್ಟಡದ ಕೆಲಸ. ತುಂಗಭದ್ರೆಯ ಎಡದಂಡೆ ಕಾಲುವೆ ಸಿಂಧನೂರಿನ ಕಡೆಯ ಹೊಲಗಳನ್ನು ಭತ್ತದ ಗದ್ದೆಗಳನ್ನಾಗಿ ಮಾಡಿತು. ನಮ್ಮ ಭಾಗದ ಹಳ್ಳಿಗಳು ಮಳೆಯನ್ನೇ ನಂಬಿ ಉಳಿದವು. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020ರಲ್ಲಿ ರೈತರು ಪಾಮನಕಲ್ಲೂರಿನಲ್ಲಿ ಧರಣಿ ಕುಳಿತದ್ದು ಇದೇ ಕಾರಣಕ್ಕೆ. ನೀರಿಲ್ಲದ ಹೊಲದಿಂದ ಜನ ಗುಳೆ ಹೋಗುತ್ತಾರೆ. ಓದಿದವರು ನೌಕರಿ ಹುಡುಕಿ ಹೋಗುತ್ತಾರೆ.

ಹೀಗೆ ಹೊರಟ ನನ್ನ ಒಬ್ಬ ಹಳೆಯ ವಿದ್ಯಾರ್ಥಿ ಅಸರ್ ನಮಾಝಿನ ನಂತರ ಮಸೀದಿಯ ಹೊರಗೆ ನನ್ನನ್ನು ನಿಲ್ಲಿಸಿ ಕೇಳಿದ: "ಸರ್, ಪಗಾರ ಎಷ್ಟು ಅಂತ ಮೊದ್ಲೇ ಕೇಳಿದ್ರ ಅವರಿಗೆ ಬ್ಯಾಸರ ಆಗ್ತದ. ಆಸೆಬುರುಕ ಅಂತ ತಿಳ್ಕೊತಾರ. ರಿಝ್ಕ್ ಕೊಡಾವ ಅಲ್ಲಾಹ. ಸುಮ್ಮನ ಹೋಗಿ ಸೇರಿಕೊಂಡ್ರ ಆಗಲ್ಲೇನ್ರಿ?"

ಅವನ ಪ್ರಶ್ನೆಯಲ್ಲಿ ವಿನಯವಿತ್ತು, ಭಯವೂ ಇತ್ತು. ನಮ್ಮಲ್ಲಿ ಬಹಳ ಮಂದಿ ಇವೆರಡನ್ನು ಬೆರೆಸಿ ಅದಕ್ಕೆ ತವಕ್ಕುಲ್ ಎಂದು ಹೆಸರಿಡುತ್ತಾರೆ. ಅಂದು ಬಸ್ಸಿಗೆ ಹೊತ್ತಾಗಿತ್ತು, ಅವನಿಗೆ ಪೂರ್ಣ ಉತ್ತರ ಕೊಡಲಾಗಲಿಲ್ಲ. ಈ ಪಾಠ ಅವನಿಗೂ, ಅವನಂತೆ ಮೊದಲ ಕೆಲಸಕ್ಕೆ ಹೊರಟಿರುವ ಎಲ್ಲ ಸೋದರ ಸೋದರಿಯರಿಗೂ.

ಮದ್‌ಯನಿನ ಒಪ್ಪಂದ

ದುಡಿಮೆ ಪ್ರವಾದಿಗಳ ದಾರಿ. ದಾವೂದ್(ಅ) ಸ್ವಂತ ಕೈಗಳ ಸಂಪಾದನೆಯನ್ನು ಉಣ್ಣುತ್ತಿದ್ದರೆಂದು ಪ್ರವಾದಿವರ್ಯರು(ಸ) ಹೊಗಳಿದ್ದಾರೆ. ತಾವು ಮಕ್ಕಾದ ಜನರ ಕುರಿಗಳನ್ನು ಕೆಲವು ಕೀರಾತ್‌ಗಳ ಕೂಲಿಗೆ ಮೇಯಿಸಿದ್ದನ್ನು ಅವರು ಯಾವ ಸಂಕೋಚವೂ ಇಲ್ಲದೆ ಹೇಳಿಕೊಂಡಿದ್ದಾರೆ. ಆದರೆ ಕೆಲಸಕ್ಕೆ ಸೇರುವವನಿಗೆ ಪವಿತ್ರ ಕುರ್‌ಆನಿನಲ್ಲಿ ಎಲ್ಲಕ್ಕಿಂತ ಸ್ಪಷ್ಟವಾದ ಪಾಠವಿರುವುದು ಸೂರಃ ಅಲ್ ಕಸಸ್‌ನಲ್ಲಿ ಬರುವ ಮೂಸಾ(ಅ)ರ ವೃತ್ತಾಂತದಲ್ಲಿ.

ಮೂಸಾ(ಅ) ಈಜಿಪ್ಟಿನಿಂದ ತಪ್ಪಿಸಿಕೊಂಡು ಮದ್‌ಯನ್‌ಗೆ ಬಂದಾಗ ಅವರ ಬಳಿ ಅನ್ನವಿರಲಿಲ್ಲ, ಸೂರಿರಲಿಲ್ಲ, ಪರಿಚಯದ ಮುಖವೊಂದೂ ಇರಲಿಲ್ಲ. ಬಾವಿಯ ಬಳಿ ಸರದಿಗಾಗಿ ಕಾಯುತ್ತಿದ್ದ ಇಬ್ಬರು ಯುವತಿಯರ ಕುರಿಗಳಿಗೆ ನೀರು ಕುಡಿಸಿದರು. ಏನನ್ನೂ ಕೇಳದೆ ನೆರಳಿಗೆ ಸರಿದು, ನೀನು ಇಳಿಸುವ ಯಾವ ಒಳಿತಿಗೂ ನಾನು ಬಡವನೇ ಎಂಬರ್ಥದಲ್ಲಿ ತಮ್ಮ ಪ್ರಭುವಿನೊಂದಿಗೆ ಬೇಡಿಕೊಂಡರು. ಇದು ತವಕ್ಕುಲ್. ಅಷ್ಟರಲ್ಲಿ ಯುವತಿಯೊಬ್ಬಳು ಬಂದು, ನೀರು ಕುಡಿಸಿದ್ದಕ್ಕೆ ಪ್ರತಿಫಲ ಕೊಡಲು ತಂದೆ ಕರೆಯುತ್ತಿದ್ದಾರೆ ಎಂದಳು. ಕೇಳದೆ ಮಾಡಿದ ಕೆಲಸಕ್ಕೂ ಪ್ರತಿಫಲ ಕೊಡಬೇಕೆಂದುಕೊಂಡ ಆ ಹಿರಿಯರ ಮನಸ್ಸನ್ನು ಗಮನಿಸಿರಿ.

ಮುಂದೆ ಮಗಳು ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಸಲಹೆ ಕೊಟ್ಟಳು. ಅದಕ್ಕೆ ಅವಳು ಎಣಿಸಿದ ಗುಣಗಳು ಎರಡು: ಶಕ್ತಿ ಮತ್ತು ವಿಶ್ವಾಸಾರ್ಹತೆ. ತಂದೆ ಷರತ್ತನ್ನು ಬಿಡಿಸಿ ಹೇಳಿದರು. ಎಂಟು ವರ್ಷ ದುಡಿಮೆ. ಹತ್ತು ಮಾಡಿದರೆ ಅದು ಮೂಸಾರ ಔದಾರ್ಯ. ತಾವು ಅವರ ಮೇಲೆ ಕಷ್ಟ ಹೇರುವುದಿಲ್ಲ. ಆಗ ಮೂಸಾ(ಅ) ಏನು ಮಾಡಿದರು? ತಲೆಯಾಡಿಸಿ ಸುಮ್ಮನಾದರೇ? ಇಲ್ಲ. ಇದು ನಮ್ಮಿಬ್ಬರ ನಡುವಿನ ಮಾತು, ಎರಡು ಅವಧಿಗಳಲ್ಲಿ ಯಾವುದನ್ನು ಪೂರೈಸಿದರೂ ನನ್ನ ಮೇಲೆ ಅತಿರೇಕ ನಡೆಯಕೂಡದು ಎಂದು ತಮ್ಮ ಕಡೆಯ ರಕ್ಷಣೆಯನ್ನು ಅವರೇ ಬಾಯಿಬಿಟ್ಟು ಹೇಳಿದರು; ಅಲ್ಲಾಹನನ್ನು ಸಾಕ್ಷಿಯಾಗಿಸಿದರು.

ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆ. ಅಲ್ಲಾಹನ ಮುಂದೆ ಕೈಚಾಚಿದ ಬೇಡಿಕೆಯೂ, ಯಜಮಾನನ ಮುಂದೆ ಸ್ಪಷ್ಟವಾಗಿ ಆಡಿದ ಷರತ್ತಿನ ಮಾತೂ ಕೆಲವೇ ವಚನಗಳ ಅಂತರದಲ್ಲಿ ಒಬ್ಬನೇ ವ್ಯಕ್ತಿಯ ಬಾಯಲ್ಲಿ ಬಂದಿವೆ. ಅವು ಪರಸ್ಪರ ವಿರುದ್ಧವಾಗಿದ್ದರೆ ಹೀಗೆ ಅಕ್ಕಪಕ್ಕದಲ್ಲಿ ಇರುತ್ತಿರಲಿಲ್ಲ. ಕೊನೆಗೆ ಮೂಸಾ(ಅ) ಪೂರೈಸಿದ್ದು ಹೆಚ್ಚಿನ ಅವಧಿಯನ್ನೇ ಎಂದು ಇಬ್ನು ಅಬ್ಬಾಸ್(ರ) ತಿಳಿಸಿದ್ದಾರೆ. ಹಕ್ಕನ್ನು ಸ್ಪಷ್ಟಪಡಿಸಿಕೊಂಡವನೇ ಔದಾರ್ಯವನ್ನೂ ತೋರಿದ.

ನಮ್ಮ ಫಿಕ್‌ಹ್ ವಿದ್ವಾಂಸರು ಕೂಲಿಯ ಕರಾರಿಗೆ ಇಜಾರಃ ಎನ್ನುತ್ತಾರೆ. ಕೆಲಸ ಯಾವುದು, ಅವಧಿ ಎಷ್ಟು, ಕೂಲಿ ಎಷ್ಟು ಎಂಬುದು ಇಬ್ಬರಿಗೂ ತಿಳಿದಿರಬೇಕು. ತಿಳಿಯದಿದ್ದರೆ ಕರಾರು ದೋಷಯುಕ್ತ. ಹಾಗಿದ್ದೂ ಕೆಲಸ ಮಾಡಿಸಿಕೊಂಡರೆ ಅಂಥ ಕೆಲಸಕ್ಕೆ ಊರಿನಲ್ಲಿ ನಡೆಯುವ ಕೂಲಿಯನ್ನು, ಅಂದರೆ ಅಜ್ರುಲ್ ಮಿಸ್ಲ್ ಅನ್ನು ಕೊಡಬೇಕಾಗುತ್ತದೆ. ಆದ್ದರಿಂದ "ಪಗಾರ ಎಷ್ಟು?" ಎಂದು ಕೇಳುವುದು ಆಸೆಬುರುಕತನವಲ್ಲ, ಕರಾರನ್ನು ಶುದ್ಧಗೊಳಿಸುವ ಕೆಲಸ.

ಮೊದಲ ದಿನ ಕೇಳಿ ತಿಳಿಯಬೇಕಾದುದು

ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಸೂರಃ ಅಲ್ ಬಕರಃದಲ್ಲಿ ಆದೇಶವಿದೆ. ಕೂಲಿಯೂ ಕೆಲಸ ಮುಗಿದ ಕ್ಷಣದಿಂದ ಯಜಮಾನನ ಮೇಲಿನ ಸಾಲವೇ. ಅದನ್ನು ಬರೆಸಿಕೊಳ್ಳಲು ನಾಚಬೇಕಾಗಿಲ್ಲ. ದೇಶದ ಕಾನೂನೂ ಇದನ್ನೇ ಹೇಳುತ್ತದೆ. ಬ್ರಿಟಿಷರ ಕಾಲದ 1936ರ ವೇತನ ಪಾವತಿ ಕಾಯ್ದೆ, 1948ರ ಕನಿಷ್ಠ ವೇತನ ಕಾಯ್ದೆ ಮುಂತಾದ ಹಳೆಯ ಕಾನೂನುಗಳ ಸ್ಥಾನದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಿವೆ. ಅವುಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವವನು ನೆನಪಿಡಬೇಕಾದ ಸಂಗತಿಗಳು ಇವು.

ಒಂದು: ನೇಮಕಾತಿ ಪತ್ರ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಅದನ್ನು ಕೊಡುವುದು ಯಜಮಾನನ ಕರ್ತವ್ಯ. ಸಣ್ಣ ಅಂಗಡಿಯಾದರೆ ಕನಿಷ್ಠ ಒಂದು ಚೀಟಿಯಲ್ಲಾದರೂ ಕೆಲಸ, ಪಗಾರ, ಸೇರಿದ ತಾರೀಖು ಬರೆಸಿಕೊಳ್ಳಿರಿ.

ಎರಡು: ಪಗಾರದ ದಿನ. ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು. ದಿನಗೂಲಿಯವನಿಗೆ ಅಂದಿನ ಪಾಳಿ ಮುಗಿಯುವಾಗ, ವಾರದ ಲೆಕ್ಕದವನಿಗೆ ವಾರದ ರಜೆಗೆ ಮೊದಲಿನ ಕೆಲಸದ ದಿನ. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಎರಡು ಕೆಲಸದ ದಿನಗಳೊಳಗೆ ಬಾಕಿ ಚುಕ್ತಾ ಆಗಬೇಕು. ಕೂಲಿಕಾರನ ಬೆವರು ಆರುವ ಮೊದಲೇ ಅವನ ಕೂಲಿ ಕೊಡಬೇಕೆಂಬ ಪ್ರವಾದಿವಚನವನ್ನು ಕೇಳಿ ಬೆಳೆದ ನಮಗೆ ಇದು ಹೊಸ ಮಾತೇನಲ್ಲ.

ಮೂರು: ಎಷ್ಟು ಕೊಡಬೇಕು? ಸರಕಾರ ಗೊತ್ತುಪಡಿಸಿದ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ನೀವೇ ಒಪ್ಪಿದ್ದೀರಿ ಎಂಬ ಮಾತು ಅದಕ್ಕೆ ಸಮರ್ಥನೆಯಾಗದು. ಒಂದೇ ಕೆಲಸಕ್ಕೆ ಗಂಡಸಿಗೊಂದು, ಹೆಂಗಸಿಗೊಂದು ಕೂಲಿ ಎಂಬುದೂ ಕಾನೂನುಬಾಹಿರ. ಪಗಾರದಲ್ಲಿ ಎಲ್ಲ ಕಡಿತಗಳೂ ಸೇರಿ ಅರ್ಧಕ್ಕಿಂತ ಹೆಚ್ಚು ಮುರಿದುಕೊಳ್ಳುವಂತಿಲ್ಲ. ಪಗಾರದ ಚೀಟಿ ಕೇಳುವುದು ನಿಮ್ಮ ಹಕ್ಕು.

ನಾಲ್ಕು: ಸಮಯ. ದಿನಕ್ಕೆ 8 ತಾಸು, ವಾರಕ್ಕೆ 48 ತಾಸು, ವಾರದಲ್ಲಿ ಒಂದು ದಿನ ಬಿಡುವು ಎಂಬುದು ಸಾಮಾನ್ಯ ಮಿತಿ. ಹೆಚ್ಚುವರಿ ತಾಸುಗಳಿಗೆ ಎರಡು ಪಟ್ಟು ದರ.

ಐದು: ಭವಿಷ್ಯ ನಿಧಿ ಮತ್ತು ಇಎಸ್ಐ. ಭವಿಷ್ಯ ನಿಧಿಗೆ ಸಾಮಾನ್ಯವಾಗಿ ಪಗಾರದ ನೂರಕ್ಕೆ 12ರಷ್ಟು ನಿಮ್ಮಿಂದ ಕಡಿತವಾಗುತ್ತದೆ. ಯಜಮಾನನೂ ತನ್ನ ಪಾಲು ಕಟ್ಟಬೇಕು. ಇಎಸ್ಐಗೆ ನಿಮ್ಮ ಪಾಲು ನೂರಕ್ಕೆ 0.75, ಯಜಮಾನನ ಪಾಲು 3.25. ಪಗಾರದಿಂದ ಕಡಿತವಾದ ಹಣ ನಿಮ್ಮ ಖಾತೆಗೆ ನಿಜವಾಗಿ ಸೇರಿದೆಯೇ ಎಂದು ಆಗಾಗ ನೋಡಿಕೊಳ್ಳಿರಿ. ಖಾತೆಯ ಯುಎಎನ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ಕೆಲಸ ಬದಲಾದರೂ ಅದು ಬದಲಾಗದು.

ಸೋದರಿಯರಿಗೆ ಇನ್ನೊಂದು ಮಾತು. ಕೆಲಸದ ಸ್ಥಳದ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ಇರುವಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬಹುದು. ಸಣ್ಣ ಕಡೆ ದುಡಿಯುವವರಿಗೆ ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಸಮಿತಿಯಿದೆ. ಮಾನವನ್ನು ಕಾಪಾಡಿಕೊಳ್ಳಲು ದನಿಯೆತ್ತುವುದು ಲಜ್ಜೆಗೇಡಿತನವಲ್ಲ. ಲಜ್ಜೆ ಪಡಬೇಕಾದವನು ಬೇರೆಯವನು.

ಒಂದು ಸಹಿಯ ಕಥೆ

ಇಷ್ಟೆಲ್ಲ ಹೇಳುವ ನಾನು ನನ್ನ ಮೊದಲ ಕೆಲಸದಲ್ಲಿ ಹೇಗಿದ್ದೆ ಎಂಬುದನ್ನು ಮರೆಮಾಚಿದರೆ ಈ ಪಾಠ ಪೂರ್ತಿಯಾಗದು.

ಬಿ.ಎ. ಮುಗಿಸಿದ ವರ್ಷ ಬೇರೊಂದು ಊರಿನ ಖಾಸಗಿ ಶಾಲೆಯೊಂದರಲ್ಲಿ ನಾನು ಕನ್ನಡ ಕಲಿಸಲು ಸೇರಿದೆ. ವೇತನ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ 8,000 ರೂಪಾಯಿ ಎಂದು ಬರೆದಿರುತ್ತಿತ್ತು. ಕೈಗೆ ಬರುತ್ತಿದ್ದುದು 4,500. ಎಲ್ಲರೂ ಹಾಗೆಯೇ ಸಹಿ ಮಾಡುತ್ತಿದ್ದರು, ನಾನೂ ಮಾಡಿದೆ. ಹೊಸಬನಾದ ನಾನೇಕೆ ಮಾತಾಡಲಿ, ಇದ್ದುದರಲ್ಲಿ ಸಬರ್ ಮಾಡೋಣ ಎಂದುಕೊಂಡೆ. ತರಗತಿಯಲ್ಲಿ ಮಕ್ಕಳಿಗೆ ಸುಳ್ಳು ಬರೆಯಬಾರದು ಎನ್ನುತ್ತಿದ್ದೆ. ತಿಂಗಳ ಕೊನೆಗೆ ಆಫೀಸಿಗೆ ಹೋಗಿ ಸುಳ್ಳಿಗೆ ಸಹಿ ಹಾಕುತ್ತಿದ್ದೆ.

ಎರಡನೆಯ ವರ್ಷ ನಮ್ಮ ಜೊತೆಗಿದ್ದ ಶಿಕ್ಷಕಿಯೊಬ್ಬರನ್ನು ಕೆಲಸದಿಂದ ಬಿಡಿಸಿದರು. ಇಬ್ಬರು ಮಕ್ಕಳ ಭಾರ ಹೊತ್ತಿದ್ದ ತಾಯಿ ಅವರು. ಬಿಡುವಾಗ ಇಷ್ಟು ದಿನ ಕಡಿಮೆ ಕೊಟ್ಟ ಹಣವನ್ನು ಕೊಡಿರೆಂದು ಕೇಳಿದರು. ಆಡಳಿತದವರು ವೇತನ ಪುಸ್ತಕ ತೆರೆದು ಮೇಜಿನ ಮೇಲಿಟ್ಟರು. ಪ್ರತಿ ತಿಂಗಳೂ ಅವರ ಸಹಿ, ಅದರ ಕೆಳಗೆ ನಮ್ಮೆಲ್ಲರ ಸಹಿ. ಆ ತಾಯಿ ನಮ್ಮ ಕಡೆಗೆ ತಿರುಗಿ, "ನೀವಾದ್ರೂ ಹೇಳ್ರಿ ಸರ್, ಕೈಗೆ ಎಷ್ಟು ಬರ್ತದ ಅಂತ" ಎಂದರು. ನಾನು ನೆಲ ನೋಡುತ್ತಾ ನಿಂತೆ.

ಮಹಾಪಾಪಗಳನ್ನು ಎಣಿಸುತ್ತಾ ಪ್ರವಾದಿವರ್ಯರು(ಸ) ಒರಗಿ ಕುಳಿತಿದ್ದವರು ಸುಳ್ಳುಸಾಕ್ಷ್ಯದ ಮಾತು ಬಂದಾಗ ನೆಟ್ಟಗೆ ಎದ್ದು ಕುಳಿತು ಅದನ್ನೇ ಮತ್ತೆ ಮತ್ತೆ ಹೇಳಿದರೆಂದೂ, ಅವರು ಇನ್ನು ಸುಮ್ಮನಾದರೆ ಸಾಕೆಂದು ಸಹಾಬಿಗಳಿಗೆ ಅನಿಸಿತೆಂದೂ ಹದೀಸ್‌ನಲ್ಲಿದೆ. ಮದ್ರಸಾದಲ್ಲಿ ನಾನು ಅದನ್ನು ಕಂಠಪಾಠ ಮಾಡಿದ್ದೆ. ಆ ದಿನ ಅದರ ಅರ್ಥ ತಿಳಿಯಿತು. ಸಬರ್ ಎಂದು ನಾನು ತಿಳಿದಿದ್ದ ಮೌನ ಒಬ್ಬ ತಾಯಿಯ ಹಕ್ಕನ್ನು ಮುಳುಗಿಸುವ ಸಾಕ್ಷ್ಯವಾಗಿತ್ತು. ನನ್ನ ಹಕ್ಕನ್ನು ನಾನು ಬಿಟ್ಟುಕೊಡಬಹುದು, ಅದು ನನ್ನದು. ಆದರೆ ಬರಹದಲ್ಲಿ ಸುಳ್ಳಾಡಲು, ಆ ಸುಳ್ಳಿನಿಂದ ಮತ್ತೊಬ್ಬರನ್ನು ಕಟ್ಟಿಹಾಕಲು ನನಗೆ ಅಧಿಕಾರವಿರಲಿಲ್ಲ.

ಆ ಶಾಲೆಯನ್ನು ಬಿಟ್ಟೆ. ಕೆಲವು ವರ್ಷಗಳ ಮೇಲೆ ಅವರ ಮನೆ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. ಅವರು ಚಹಾ ಕೊಟ್ಟರು. "ಆ ಮಾತು ಬಿಡ್ರಿ ಸರ್" ಎಂದರು. ಕ್ಷಮಿಸಿದರೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಮನುಷ್ಯರ ಹಕ್ಕುಗಳ ವಿಷಯದಲ್ಲಿ ಕೇವಲ ತೌಬಾ ಸಾಲದು, ಹಕ್ಕುದಾರರೇ ಬಿಟ್ಟುಕೊಡಬೇಕು ಎಂದು ವಿದ್ವಾಂಸರು ಹೇಳುವುದರ ಭಾರ ನನಗೆ ಗೊತ್ತು.

ಆದ್ದರಿಂದ ಓದುಗ ಬಂಧುಗಳೇ, ಒಂದು ನಿಯಮವನ್ನು ಮೊದಲ ದಿನದಿಂದಲೇ ಪಾಲಿಸಿರಿ. ಕೈಗೆ ಬಂದಷ್ಟಕ್ಕೇ ಸಹಿ ಹಾಕಿರಿ. ಖಾಲಿ ಕಾಗದಕ್ಕೆ, ಓದದ ಕಾಗದಕ್ಕೆ ಸಹಿ ಹಾಕಬೇಡಿರಿ. ಪಗಾರವನ್ನು ಸಾಧ್ಯವಾದಷ್ಟೂ ಬ್ಯಾಂಕ್ ಖಾತೆಯ ಮೂಲಕವೇ ಪಡೆಯಿರಿ. ದುಡಿದ ದಿನಗಳನ್ನು ನಿಮ್ಮದೇ ಒಂದು ಪುಸ್ತಕದಲ್ಲಿ ಬರೆದಿಡಿರಿ.

ಮುಂಗಡದ ಉರುಳು

ಗುಳೆ ಹೋಗುವವರಿಗೆ ಬೇರೊಂದು ಅಪಾಯವಿದೆ. ಗುತ್ತೇದಾರ ಮೊದಲೇ ಮುಂಗಡ ಕೊಡುತ್ತಾನೆ. ಮದುವೆಗೋ ಆಸ್ಪತ್ರೆಗೋ ಅದು ಖರ್ಚಾಗಿಬಿಡುತ್ತದೆ. ಆಮೇಲೆ, ಹಣ ತೀರುವ ತನಕ ಊರಿಗೆ ಹೋಗುವಂತಿಲ್ಲ, ಬೇರೆ ಕಡೆ ದುಡಿಯುವಂತಿಲ್ಲ ಎನ್ನುತ್ತಾನೆ. ಇದರ ಹಳೆಯ ಹೆಸರು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅದನ್ನು ಅಪರಾಧವೆಂದು ಸಾರಿದೆ. ಜೀತ ಮಾಡಿಸುವವನಿಗೆ 3 ವರ್ಷಗಳ ತನಕ ಸೆರೆವಾಸವಾಗಬಹುದು. ಆ ಸಾಲವೇ ಕಾನೂನಿನ ಕಣ್ಣಿನಲ್ಲಿ ಅಳಿದುಹೋಗುತ್ತದೆ. ಮುಂಗಡ ಪಡೆಯಲೇಬೇಕಾದರೆ ಎಷ್ಟು ಪಡೆದಿರಿ, ತಿಂಗಳಿಗೆ ಎಷ್ಟು ಕಡಿತವೆಂದು ಬರೆಸಿಕೊಂಡು ಮನೆಯಲ್ಲೊಂದು ಪ್ರತಿ ಇಟ್ಟು ಹೋಗಿರಿ.

ಅಂತ್ಯದಿನದಂದು ಮೂರು ಬಗೆಯವರ ವಿರುದ್ಧ ಅಲ್ಲಾಹನೇ ಎದುರಾಳಿಯಾಗಿ ನಿಲ್ಲುವನೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ: ಅವನ ಹೆಸರಲ್ಲಿ ವಚನವಿತ್ತು ವಂಚಿಸಿದವನು, ಸ್ವತಂತ್ರ ಮನುಷ್ಯನನ್ನು ಮಾರಿ ಆ ಹಣ ತಿಂದವನು, ಕೂಲಿಯಾಳಿನಿಂದ ಪೂರ್ತಿ ಕೆಲಸ ಪಡೆದು ಕೂಲಿ ಕೊಡದವನು. ಮನುಷ್ಯನನ್ನು ಮಾರಿದವನ ಪಕ್ಕದಲ್ಲೇ ಕೂಲಿ ನುಂಗಿದವನನ್ನು ನಿಲ್ಲಿಸಲಾಗಿದೆ.

ಕಟ್ಟಡ ಕೆಲಸಕ್ಕೆ ಹೋಗುವವರು ಇನ್ನೊಂದನ್ನು ಮರೆಯಬಾರದು. 18ರಿಂದ 60ರ ವಯಸ್ಸಿನವರು ಹಿಂದಿನ 12 ತಿಂಗಳಲ್ಲಿ 90 ದಿನ ಈ ಕೆಲಸ ಮಾಡಿದ್ದರೆ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಅಪಘಾತವಾದ ಮೇಲೆ ಕಾರ್ಡು ಹುಡುಕಿದರೆ ಪ್ರಯೋಜನವಿಲ್ಲ.

ಹಕ್ಕಿನ ಇನ್ನೊಂದು ಮುಖ

ತೂಕದಲ್ಲಿ ಮೋಸ ಮಾಡುವವರಿಗೆ ವಿನಾಶವಿದೆಯೆಂದು ಸಾರುವ ಒಂದು ಅಧ್ಯಾಯವೇ ಕುರ್‌ಆನಿನಲ್ಲಿದೆ. ತಾವು ಅಳೆದು ಪಡೆಯುವಾಗ ಪೂರ್ತಿ ಪಡೆದು, ಇತರರಿಗೆ ಕೊಡುವಾಗ ಕಡಿಮೆ ಮಾಡುವುದು ಅವರ ಗುಣ. ಪಗಾರವನ್ನು ಪೈಸೆ ಬಿಡದೆ ಎಣಿಸಿಕೊಂಡು ಕೆಲಸದ ತಾಸುಗಳನ್ನು ಮೊಬೈಲಿನಲ್ಲಿ ಕಳೆಯುವವನು ತಾನು ಯಾವ ಸಾಲಿನಲ್ಲಿ ನಿಂತಿದ್ದೇನೆಂದು ಯೋಚಿಸಲಿ.

ಹನಫಿ ವಿದ್ವಾಂಸರು ಒಬ್ಬನೇ ಯಜಮಾನನಿಗೆ ಸಮಯ ಒಪ್ಪಿಸಿದ ಕೆಲಸಗಾರನನ್ನು ಅಜೀರ್ ಖಾಸ್ ಎಂದು ಕರೆಯುತ್ತಾರೆ. ಅವನು ಹೇಳಿದ ಹೊತ್ತಿಗೆ ಹಾಜರಾಗಿ ಸಿದ್ಧನಾಗಿದ್ದರೆ, ಯಜಮಾನ ಕೆಲಸ ಕೊಡದೆ ಕೂರಿಸಿದರೂ ಕೂಲಿ ಸಲ್ಲುತ್ತದೆ. ಅದೇ ರೀತಿ ಆ ಸಮಯ ಅವನದಲ್ಲ, ಅಮಾನತ್ತು. ಫರ್ಝ್ ನಮಾಝ್ ಅದರಿಂದ ಹೊರತಾಗಿದೆ. ಆದರೆ ಫರ್ಝ್ ನಮಾಝಿನ ಹೆಸರಲ್ಲಿ ಹೋಗಿ ಒಂದು ತಾಸು ಹರಟೆ ಹೊಡೆದು ಬರುವುದು ನಮಾಝಿಗೂ ಅಪಚಾರ, ಮುಂದೆ ಬರುವ ಇತರ ನಮಾಝಿಗಳಿಗೂ ಅಪಕಾರ. ಕೆಲಸಕ್ಕೆ ಸೇರುವಾಗಲೇ ಜುಮಾದ ಹೊತ್ತನ್ನು ಪ್ರಸ್ತಾಪಿಸಿ, ಆ ಸಮಯವನ್ನು ತುಂಬಿಕೊಡುವುದಾಗಿ ಹೇಳಿರಿ. ನೇರವಾಗಿ ಕೇಳಿದರೆ ಎಲ್ಲ ಧರ್ಮದ ಯಜಮಾನರೂ ಹೆಚ್ಚಾಗಿ ಒಪ್ಪುತ್ತಾರೆ.

ಕೆಲಸದ ಹುದ್ದೆಯಿಂದಾಗಿ ಬರುವ ಉಡುಗೊರೆಯ ಬಗ್ಗೆ ಎಚ್ಚರವಿರಲಿ. ಝಕಾತ್ ಸಂಗ್ರಹಿಸಲು ಹೋದ ಒಬ್ಬರು, ಇದು ನಿಮಗೆ, ಇದು ನನಗೆ ಬಂದ ಉಡುಗೊರೆ ಎಂದಾಗ ಪ್ರವಾದಿವರ್ಯರು(ಸ) ಅವರನ್ನು ತೀವ್ರವಾಗಿ ಆಕ್ಷೇಪಿಸಿದರು. ತಂದೆ ತಾಯಿಯ ಮನೆಯಲ್ಲಿ ಕುಳಿತಿದ್ದರೆ ಅದು ಬರುತ್ತಿತ್ತೇ ಎಂದು ಕೇಳಿದರು. ಪಗಾರ ಕಡಿಮೆ ಕೊಡುತ್ತಾರೆಂದು ಗಿರಣಿಯ ಅಕ್ಕಿಯನ್ನು ಚೀಲಕ್ಕೆ ತುಂಬಿಕೊಳ್ಳುವುದು ಪರಿಹಾರವಲ್ಲ. ಅದು ನಿಮ್ಮ ನ್ಯಾಯವಾದ ದೂರನ್ನೂ ಬಾಯಿ ಮುಚ್ಚಿಸುತ್ತದೆ.

ಅನ್ಯಾಯವಾದರೆ

ಮೊದಲು ನಯವಾಗಿ, ಒಬ್ಬರೇ ಇರುವಾಗ ಕೇಳಿರಿ. ಎಷ್ಟೋ ಸಲ ಲೆಕ್ಕದ ತಪ್ಪು ಅಷ್ಟರಲ್ಲೇ ಸರಿಹೋಗುತ್ತದೆ. ಆಗದಿದ್ದರೆ ಬರೆದು ಕೇಳಿರಿ, ಪ್ರತಿಯೊಂದನ್ನು ಇಟ್ಟುಕೊಳ್ಳಿರಿ. ಅದಕ್ಕೂ ಬಗ್ಗದಿದ್ದರೆ ಹತ್ತಿರದ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿರಿ. ವೇತನದ ಬಾಕಿಗಾಗಿ 3 ವರ್ಷಗಳೊಳಗೆ ಅರ್ಜಿ ಕೊಡಲು ಅವಕಾಶವಿದೆ. ತಾಲೂಕು ನ್ಯಾಯಾಲಯಗಳಲ್ಲಿರುವ ಕಾನೂನು ಸೇವಾ ಸಮಿತಿಗಳಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ವರಮಾನದವರಿಗೆ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. 15100 ಸಂಖ್ಯೆಗೆ ಫೋನ್ ಮಾಡಿಯೂ ಕೇಳಬಹುದು.

ಒಬ್ಬನ ದನಿ ಕೇಳಿಸದಿದ್ದಾಗ ಹಲವರು ಸೇರಬೇಕು. ಯಮನಿನ ಝಬೀದ್‌ನಿಂದ ಬಂದ ವ್ಯಾಪಾರಿಯೊಬ್ಬನಿಂದ ಮಕ್ಕಾದ ಪ್ರಮುಖನೊಬ್ಬ ಸರಕು ಪಡೆದು ಹಣ ಕೊಡಲಿಲ್ಲ. ಪರದೇಶಿಯಾದ ಅವನ ಪರವಾಗಿ ನಿಲ್ಲುವವರಿರಲಿಲ್ಲ. ಆಗ ಕೆಲವು ಕುಲಗಳವರು ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಸೇರಿ, ಮರ್ದಿತ ಯಾರೇ ಆಗಿರಲಿ ಅವನ ಹಕ್ಕು ಸಿಗುವ ತನಕ ಒಂದಾಗಿ ನಿಲ್ಲುವೆವೆಂದು ಶಪಥ ಮಾಡಿದರು. ಇದೇ ಹಿಲ್‌ಫುಲ್ ಫುಝೂಲ್. ಪ್ರವಾದಿತ್ವಕ್ಕಿಂತ ಮೊದಲು ಯುವಕರಾಗಿದ್ದ ಪ್ರವಾದಿವರ್ಯರು(ಸ) ಅದರಲ್ಲಿ ಭಾಗವಹಿಸಿದ್ದರು. ಇಸ್ಲಾಮ್ ಬಂದ ಬಳಿಕವೂ, ಅಂಥದ್ದಕ್ಕೆ ಕರೆದರೆ ಬರುವೆನೆಂದು ಅವರು ಹೇಳುತ್ತಿದ್ದರು. ನ್ಯಾಯಕ್ಕಾಗಿ ಸಹೋದ್ಯೋಗಿಗಳೊಂದಿಗೆ, ಅವರು ಯಾವ ಧರ್ಮದವರೇ ಆಗಲಿ, ಕೈಜೋಡಿಸಲು ಇದಕ್ಕಿಂತ ದೊಡ್ಡ ಆಧಾರ ಬೇಕೇ?

ನಮ್ಮ ನೆಲಕ್ಕೂ ಈ ಮಾತು ಅಪರಿಚಿತವಲ್ಲ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರೊಬ್ಬರ ಕಣ್ಣಿಗೆ ಬಿದ್ದ ಮಸ್ಕಿಯ ಅಶೋಕ ಶಾಸನ, ಧರ್ಮದ ದಾರಿ ದೊಡ್ಡವರಿಗಷ್ಟೇ ಅಲ್ಲ ಸಣ್ಣವರಿಗೂ ತೆರೆದಿದೆ ಎಂಬ ಅರ್ಥವನ್ನು ಸಾರುತ್ತದೆ. ಅದೇ ಚಕ್ರವರ್ತಿಯ ಬೇರೆ ಶಾಸನಗಳು ಆಳುಗಳೊಂದಿಗೆ ಸರಿಯಾಗಿ ನಡೆದುಕೊಳ್ಳುವುದನ್ನು ಧರ್ಮದೊಳಗೇ ಎಣಿಸಿವೆ.

ಕೆಲಸ ಕೊಡುವವರಿಗೂ ಒಂದು ಮಾತು

ಈ ಪತ್ರಿಕೆಯ ಓದುಗರಲ್ಲಿ ಅಂಗಡಿಯವರಿದ್ದಾರೆ, ಗುತ್ತೇದಾರರಿದ್ದಾರೆ, ಮಸೀದಿ ಮದ್ರಸಾಗಳ ಸಮಿತಿಯವರಿದ್ದಾರೆ. ನಿಮ್ಮ ಕೈಕೆಳಗಿನವರು ನಿಮ್ಮ ಸಹೋದರರು, ನೀವು ಉಣ್ಣುವುದನ್ನೇ ಅವರಿಗೂ ಉಣಿಸಿರಿ, ಅವರ ಶಕ್ತಿಗೆ ಮೀರಿದ ಭಾರ ಹೊರಿಸಬೇಡಿರಿ, ಹೊರಿಸಿದರೆ ನೀವೂ ಕೈಜೋಡಿಸಿರಿ ಎಂದು ಬೋಧಿಸಿದ ಪ್ರವಾದಿಯ(ಸ) ಅನುಯಾಯಿಗಳು ನಾವು. ಅನಸ್(ರ) ಹತ್ತು ವರ್ಷ ಅವರ ಸೇವೆಯಲ್ಲಿದ್ದರೂ ಒಮ್ಮೆಯೂ ಛೀ ಎನಿಸಿಕೊಳ್ಳಲಿಲ್ಲ. ಇರುವವನು ಕೊಡಲು ಸತಾಯಿಸುವುದು ಅನ್ಯಾಯವೆಂದು ಅವರೇ ಹೇಳಿದ್ದಾರೆ. ಹೀಗಿದ್ದೂ ಮಿನಾರಕ್ಕೆ ಬಣ್ಣ ಬಳಿಸಲು ಚಂದಾ ಎತ್ತುವ ನಾವು ಇಮಾಮರ ಪಗಾರವನ್ನು ಮೂರು ತಿಂಗಳು ಬಾಕಿ ಇಡುತ್ತೇವೆ. ಕೇಳಿದರೆ, ದೀನಿನ ಸೇವೆಗೆ ಕೂಲಿ ಕೇಳುವುದೇ ಎನ್ನುತ್ತೇವೆ. ಅವರ ಮನೆಯ ಒಲೆಗೂ ಬೆಂಕಿ ಬೇಕು.

ಗುಹೆಯಲ್ಲಿ ಸಿಲುಕಿದ ಮೂವರ ಕಥೆ ನೆನಪಿದೆಯೇ? ಅವರಲ್ಲೊಬ್ಬ, ಕೂಲಿ ಪಡೆಯದೆ ಹೊರಟುಹೋದ ಆಳಿನ ಪಾಲನ್ನು ವ್ಯವಹಾರದಲ್ಲಿ ತೊಡಗಿಸಿ ಬೆಳೆಸಿದ್ದ. ಆ ಆಳು ಎಷ್ಟೋ ಕಾಲದ ಬಳಿಕ ಬಂದಾಗ ಬೆಳೆದ ಸಂಪತ್ತನ್ನೆಲ್ಲ ಅವನಿಗೇ ಒಪ್ಪಿಸಿದ. ಆ ಸತ್ಕರ್ಮವನ್ನು ಮುಂದಿಟ್ಟು ಬೇಡಿದಾಗ ಬಂಡೆ ಸರಿಯಿತು. ನಮ್ಮ ಬದುಕಿನ ದಾರಿಗೆ ಅಡ್ಡ ಬಿದ್ದ ಬಂಡೆಗಳಲ್ಲಿ ಎಷ್ಟು, ಯಾರದೋ ಬಾಕಿ ಕೂಲಿಯವೋ!

ನನ್ನ ಆ ವಿದ್ಯಾರ್ಥಿ ಗಿರಣಿ ಸೇರಿದ ವಾರದಲ್ಲಿ ಫೋನ್ ಮಾಡಿದ್ದ. ಪಗಾರ ಕೇಳಿದನಂತೆ. ಧಣಿಗಳು ಬೇಸರಪಡಲಿಲ್ಲ, ಒಂದು ಹಾಳೆಯಲ್ಲಿ ಬರೆದೇ ಕೊಟ್ಟರಂತೆ. ಎಲ್ಲರಿಗೂ ಅಂಥವರು ಸಿಗಲಾರರು. ಆದರೆ ಕೇಳದವನಿಗೆ ಅದು ತಿಳಿಯುವುದೇ ಇಲ್ಲ.

ನಮ್ಮ ದುಡಿಮೆಯನ್ನು ಹಲಾಲ್ ಆಗಿಯೂ, ನಮ್ಮ ಸಹಿಯನ್ನು ಸತ್ಯವಾಗಿಯೂ, ನಮ್ಮ ಕೈಯನ್ನು ಇತರರ ಹಕ್ಕಿನಿಂದ ದೂರವಾಗಿಯೂ ಇಡುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.